ಏಳು ಫಾರ್ವರ್ಡ್, ಒಬ್ಬ ಬ್ಯಾಕ್: ಫೈನಲ್‌ಗೆ ಮುನ್ನ ಒಂದು ಸಂವಾದ

2023ರ ರಗ್ಬಿ ವಿಶ್ವಕಪ್‌ನ ಫೈನಲ್ ಅಕ್ಟೋಬರ್ 28ರ ಶನಿವಾರ ರಾತ್ರಿ ಪ್ಯಾರಿಸ್ ಪಕ್ಕದ ಸ್ತಾದ್ ದ ಫ್ರಾನ್ಸ್ ಕ್ರೀಡಾಂಗಣದಲ್ಲಿ ನಿಗದಿಯಾಗಿತ್ತು. ಎದುರಾಳಿಗಳು ‘ಸ್ಪ್ರಿಂಗ್‌ಬಾಕ್’ಗಳೆಂದು ಕರೆಸಿಕೊಳ್ಳುವ ದಕ್ಷಿಣ ಆಫ್ರಿಕಾ ಮತ್ತು ‘ಆಲ್ ಬ್ಲ್ಯಾಕ್ಸ್’ ಎಂದು ಕರೆಸಿಕೊಳ್ಳುವ ನ್ಯೂಜಿಲೆಂಡ್. ನ್ಯೂಜಿಲೆಂಡ್ 1987, 2011, 2015ರಲ್ಲಿ, ದಕ್ಷಿಣ ಆಫ್ರಿಕಾ 1995, 2007, 2019ರಲ್ಲಿ ಕಪ್ ಗೆದ್ದಿದ್ದವು. ಈ ಸಲ ಗೆದ್ದವರು ನಾಲ್ಕು ಕಪ್ ಗೆದ್ದ ಮೊದಲ ದೇಶವಾಗುತ್ತಿದ್ದರು. ಪಂದ್ಯಕ್ಕೆ ಎರಡು ದಿನ ಇರುವಾಗ ದಕ್ಷಿಣ ಆಫ್ರಿಕಾದ ಮುಖ್ಯ ತರಬೇತುದಾರ ಜಾಕ್ ನೀನಾಬರ್ 23 ಆಟಗಾರರ ಪಟ್ಟಿಯನ್ನು ಪ್ರಕಟಿಸಿದರು. ಕೇಪ್ ಟೌನ್‌ನಿಂದ ಪ್ರಿಟೋರಿಯಾದವರೆಗೆ ವಾದ ಶುರುವಾಯಿತು.

ವಾದಕ್ಕೆ ಕಾರಣ ಪಟ್ಟಿಯ ಆಕಾರ. ರಗ್ಬಿ ಯೂನಿಯನ್ ಆಟದಲ್ಲಿ ಒಂದು ತಂಡದಿಂದ 15 ಮಂದಿ ಮೈದಾನಕ್ಕಿಳಿಯುತ್ತಾರೆ. ಇವರಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು, ಏಳು ಮಂದಿ ಬ್ಯಾಕ್‌ಗಳು. ಸ್ಕ್ರಮ್‌ನಲ್ಲಿ ಹೆಗಲು ಕೊಟ್ಟು ತಳ್ಳುವುದು, ಲೈನ್‌ಔಟ್‌ನಲ್ಲಿ ಚೆಂಡಿಗಾಗಿ ನೆಗೆಯುವುದು, ನೆಲಕ್ಕೆ ಬಿದ್ದ ಚೆಂಡಿಗೆ ಮುಗಿಬೀಳುವುದು ಫಾರ್ವರ್ಡ್‌ಗಳ ಕೆಲಸ. ಅವರು ಗೆದ್ದುಕೊಟ್ಟ ಚೆಂಡನ್ನು ದಾಟಿಸಿ, ಒದ್ದು, ಓಡಿ ಅಂಕ ಮಾಡುವುದು ಬ್ಯಾಕ್‌ಗಳ ಪಾಲು. ಬೆಂಚಿನಲ್ಲಿ ಕೂರುವ ಎಂಟು ಬದಲಿ ಆಟಗಾರರಲ್ಲಿ ಐವರು ಫಾರ್ವರ್ಡ್‌ಗಳೂ ಮೂವರು ಬ್ಯಾಕ್‌ಗಳೂ ಇರುವುದು ವಾಡಿಕೆ, ಮತ್ತು ನ್ಯೂಜಿಲೆಂಡ್ ಹಾಗೆಯೇ ಆರಿಸಿತು. ನೀನಾಬರ್ ಮಾತ್ರ ಏಳು ಫಾರ್ವರ್ಡ್‌ಗಳನ್ನೂ ಒಬ್ಬನೇ ಒಬ್ಬ ಬ್ಯಾಕನ್ನೂ ಆರಿಸಿದರು. ಸೆಮಿಫೈನಲ್‌ನಲ್ಲಿ ಆಟ ಆರಂಭಿಸಿದ್ದ ಫ್ಲೈ ಹಾಫ್ ಮಾನಿ ಲಿಬೊಕ್ ಮತ್ತು ಸ್ಕ್ರಮ್ ಹಾಫ್ ಕೋಬಸ್ ರೈನಾಕ್‌ಗೆ ಬೆಂಚಿನಲ್ಲೂ ಜಾಗ ಸಿಗಲಿಲ್ಲ. ಅವರ ಬದಲು ಹಾಂಡ್ರೆ ಪೋಲಾರ್ಡ್ ಮತ್ತು ಫಾಫ್ ಡಿ ಕ್ಲರ್ಕ್ ಆರಂಭಿಕ ಹದಿನೈದಕ್ಕೆ ಬಂದರು.

ಕೇಪ್ ಟೌನ್‌ನ ಇಬ್ಬರು ಅಭಿಮಾನಿಗಳ ನಡುವಿನ ಕೆಳಗಿನ ಸಂವಾದ ಕಲ್ಪಿತ. ಒಬ್ಬರು ಹಿರಿಯರು, ವರ್ಣಭೇದದ ಕಾಲವನ್ನು ಕಂಡವರು. ಇನ್ನೊಬ್ಬ 1995ರ ಗೆಲುವಿನ ನಂತರ ಹುಟ್ಟಿದ ಯುವಕ. ಸಂವಾದದಲ್ಲಿ ಬರುವ ಪಂದ್ಯಗಳು, ಅಂಕಗಳು, ಆಯ್ಕೆಗಳು ನಿಜವಾದವು.

ಹಿರಿಯರು: ಪಟ್ಟಿಯನ್ನು ಎರಡು ಸಲ ಓದಿದೆ. ಬೆಂಚಿನಲ್ಲಿ ಸ್ಕ್ರಮ್ ಹಾಫ್ ಇಲ್ಲ, ಫ್ಲೈ ಹಾಫ್ ಇಲ್ಲ. ಇರುವವನೊಬ್ಬ ವಿಲ್ಲಿ ಲ ರೂ, ಅವನು ಫುಲ್‌ಬ್ಯಾಕ್. ಐದನೇ ನಿಮಿಷಕ್ಕೆ ಡಿ ಕ್ಲರ್ಕ್ ತಲೆಗೆ ಪೆಟ್ಟು ತಿಂದು ಹೊರಗೆ ಬಂದರೆ ಸ್ಕ್ರಮ್ ಹಿಂದಿನಿಂದ ಚೆಂಡು ತೆಗೆದು ಕೊಡುವವನು ಯಾರು?

ಯುವಕ: ಚೆಸ್ಲಿನ್ ಕೋಲ್ಬೆ ನಿಲ್ಲಬಹುದು ಅಂಕಲ್, ವಿಲ್ಲಿಯೂ ನಿಲ್ಲಬಹುದು. ಹೇಗೋ ಒಂದಿಷ್ಟು ಹೊತ್ತು ತೂಗಿಸಿಕೊಂಡು ಹೋಗಬಹುದು.

ಹಿರಿಯರು: ಒಂದಿಷ್ಟು ಹೊತ್ತಲ್ಲ, ಎಪ್ಪತ್ತೈದು ನಿಮಿಷ. ಆಟದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಚೆಂಡು ಮುಟ್ಟುವವನು ಸ್ಕ್ರಮ್ ಹಾಫ್. ಅವನ ಪಾಸ್ ಅರ್ಧ ಗಜ ಹಿಂದೆ ಬಿದ್ದರೂ ಮುಂದಿನವರ ಓಟ ಕೆಡುತ್ತದೆ. ಈ ವಿಶ್ವಕಪ್‌ಗೆ ನಾಲ್ಕು ಸ್ಕ್ರಮ್ ಹಾಫ್‌ಗಳನ್ನು ಕರೆದೊಯ್ದವರು ನಾವು. ಡಿ ಕ್ಲರ್ಕ್, ರೈನಾಕ್, ಜೇಡನ್ ಹೆಂಡ್ರಿಕ್ಸ, ಗ್ರಾಂಟ್ ವಿಲಿಯಮ್ಸ್. ಫೈನಲ್ ದಿನ ಮೂವರನ್ನು ಗ್ಯಾಲರಿಯಲ್ಲಿ ಕೂರಿಸುವುದಾದರೆ ಕರೆದೊಯ್ದದ್ದು ಏಕೆ?

ಯುವಕ: ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಡಿ ಕ್ಲರ್ಕ್‌ಗೆ ಪೆಟ್ಟಾಗುವುದು ಒಂದು ಸಾಧ್ಯತೆ. ಐವತ್ತು ನಿಮಿಷ ದಾಟಿದ ಮೇಲೆ ನಮ್ಮ ಮುಂದಿನ ಎಂಟು ಜನ ಸುಸ್ತಾಗುವುದು ಖಚಿತ. ನೀನಾಬರ್ ಖಚಿತವಾದದ್ದಕ್ಕೆ ತಯಾರಿ ಮಾಡಿ ಸಾಧ್ಯತೆಯನ್ನು ಅದೃಷ್ಟಕ್ಕೆ ಬಿಟ್ಟಿದ್ದಾರೆ.

ಇಲ್ಲಿ ನಿಯಮದ ಹಿನ್ನೆಲೆ ಬೇಕು. 1968ಕ್ಕೆ ಮೊದಲು ಅಂತಾರಾಷ್ಟ್ರೀಯ ರಗ್ಬಿಯಲ್ಲಿ ಬದಲಿ ಆಟಗಾರರೇ ಇರಲಿಲ್ಲ. ಒಬ್ಬ ಗಾಯಗೊಂಡರೆ ತಂಡ 14 ಮಂದಿಯೊಂದಿಗೆ ಆಡುತ್ತಿತ್ತು. 1968ರಲ್ಲಿ ಗಾಯಾಳುಗಳಿಗೆ ಬದಲಿಗಳು ಬಂದರು. ತಂತ್ರಕ್ಕಾಗಿ ಆಟಗಾರನನ್ನು ಬದಲಿಸುವ ಅವಕಾಶ ಸಿಕ್ಕದ್ದು 1996ರಲ್ಲಿ. ಈಗಿನ ಎಂಟು ಬದಲಿಗಳಲ್ಲಿ ಸ್ಕ್ರಮ್‌ನ ಮೊದಲ ಸಾಲಿನ ಮೂರು ಸ್ಥಾನಗಳಿಗೂ, ಅಂದರೆ ಇಬ್ಬರು ಪ್ರಾಪ್‌ಗಳಿಗೂ ನಡುವಿನ ಹೂಕರ್‌ಗೂ, ತರಬೇತಿ ಪಡೆದ ಬದಲಿಗಳು ಕಡ್ಡಾಯ. ಆ ಸಾಲಿನಲ್ಲಿ ತರಬೇತಿಯಿಲ್ಲದವನು ನಿಂತರೆ ಕುತ್ತಿಗೆಗೇ ಅಪಾಯ ಎಂಬುದು ಇದಕ್ಕೆ ಕಾರಣ. ಉಳಿದ ಐದು ಜಾಗ ತರಬೇತುದಾರರ ಇಷ್ಟಕ್ಕೆ ಬಿಟ್ಟದ್ದು.

ದಕ್ಷಿಣ ಆಫ್ರಿಕಾ ಈ ಐದು ಜಾಗಗಳನ್ನು 2019ರಲ್ಲೇ ಬೇರೆ ರೀತಿಯಲ್ಲಿ ಬಳಸಿಕೊಂಡಿತ್ತು. ಆಗಿನ ಮುಖ್ಯ ತರಬೇತುದಾರ ರಾಸಿ ಎರಾಸ್ಮಸ್ ಆರು ಫಾರ್ವರ್ಡ್, ಇಬ್ಬರು ಬ್ಯಾಕ್ ಎಂಬ ಬೆಂಚಿನೊಂದಿಗೆ ಫೈನಲ್‌ನಲ್ಲಿ ಇಂಗ್ಲೆಂಡನ್ನು 32–12ರಿಂದ ಮಣಿಸಿದರು. ದ್ವಿತೀಯಾರ್ಧದಲ್ಲಿ ಒಟ್ಟಾಗಿ ನುಗ್ಗುವ ಈ ಬದಲಿ ಫಾರ್ವರ್ಡ್‌ಗಳಿಗೆ ‘ಬಾಂಬ್ ಸ್ಕ್ವಾಡ್’ ಎಂಬ ಹೆಸರು ಅಂಟಿತು. 2023ರಲ್ಲಿ ನೀನಾಬರ್ ಮುಖ್ಯ ತರಬೇತುದಾರ, ಎರಾಸ್ಮಸ್ ರಗ್ಬಿ ನಿರ್ದೇಶಕ. ಇಬ್ಬರೂ ಸೇರಿ ಆರನ್ನು ಏಳಕ್ಕೆ ಏರಿಸಿದರು.

ಯುವಕ: ಇದು ಮೊದಲ ಸಲವೇನೂ ಅಲ್ಲ. ಆಗಸ್ಟ್ 25ರಂದು ಟ್ವಿಕನಮ್‌ನಲ್ಲಿ ಇದೇ ಏಳು–ಒಂದು ಬೆಂಚಿನೊಂದಿಗೆ ಇದೇ ನ್ಯೂಜಿಲೆಂಡನ್ನು 35–7ರಿಂದ ಸೋಲಿಸಿದ್ದೇವೆ. ಆಲ್ ಬ್ಲ್ಯಾಕ್ಸ್ ಇತಿಹಾಸದಲ್ಲಿ ಅಷ್ಟು ದೊಡ್ಡ ಸೋಲು ಇನ್ನೊಂದಿಲ್ಲ.

ಹಿರಿಯರು: ಆ ದಿನದ ಪೂರ್ತಿ ಕಥೆ ಹೇಳು. ವಿಲ್ಲಿ ಕೊನೆಯ ಗಳಿಗೆಯಲ್ಲಿ ಹೊರಗುಳಿದ, ಅವನ ಜಾಗಕ್ಕೆ ಫಾರ್ವರ್ಡ್ ಕ್ವಾಗಾ ಸ್ಮಿತ್ ಬಂದ, ಬೆಂಚು ತಾನಾಗಿ ಏಳು–ಒಂದಾಯಿತು. ಎದುರಾಳಿ ಸ್ಕಾಟ್ ಬ್ಯಾರೆಟ್ ವಿರಾಮಕ್ಕೂ ಮೊದಲೇ ಕೆಂಪು ಕಾರ್ಡ್ ಪಡೆದು ಹೊರನಡೆದ. ಹದಿನಾಲ್ಕು ಜನರ ಎದುರು, ಅದೂ ಅಭ್ಯಾಸ ಪಂದ್ಯದಲ್ಲಿ ಗೆದ್ದದ್ದನ್ನು ಫೈನಲ್‌ಗೆ ಸಾಕ್ಷಿಯಾಗಿ ತರಬೇಡ. ನಿಜವಾದ ಪರೀಕ್ಷೆ ಸೆಪ್ಟೆಂಬರ್ 23ರಂದು ಐರ್ಲೆಂಡ್ ಎದುರು ನಡೆಯಿತು. ಫೈನಲ್ ನಡೆಯುವ ಮೈದಾನವೇ, ಅದೇ ಏಳು–ಒಂದು. ಫಲಿತಾಂಶ?

ಯುವಕ: 8–13. ಸೋತೆವು. ಆದರೆ ಸೋಲಿಸಿದ್ದು ಬೆಂಚಲ್ಲ. ಲಿಬೊಕ್, ಡಿ ಕ್ಲರ್ಕ್ ಇಬ್ಬರೂ ಸೇರಿ ಗೋಲ್ ಕಿಕ್‌ಗಳಲ್ಲಿ 11 ಅಂಕ ಕಳೆದರು. ಐದು ಅಂಕದಿಂದ ಸೋತ ಪಂದ್ಯದಲ್ಲಿ ಹನ್ನೊಂದು ಅಂಕ ಕಾಲಿನಿಂದ ಜಾರಿಹೋದರೆ ಫಾರ್ವರ್ಡ್‌ಗಳನ್ನು ದೂರಿ ಏನು ಪ್ರಯೋಜನ?

ಹಿರಿಯರು: ಅಲ್ಲಿಗೇ ಬಾ. ಕಿಕ್ ತಪ್ಪುತ್ತಿದ್ದಾಗ ಬೇರೆ ಕಿಕ್ಕರನ್ನು ಇಳಿಸೋಣವೆಂದರೆ ಬೆಂಚಿನಲ್ಲಿ ಯಾರಿದ್ದರು? ರೈನಾಕ್ ಒಬ್ಬನೇ. ಏಳು ಫಾರ್ವರ್ಡ್‌ಗಳನ್ನು ಕೂರಿಸಿದ್ದರ ಬೆಲೆ ಅದೇ.

ಹಿರಿಯರ ವಾದಕ್ಕೆ ಗಟ್ಟಿ ಆಧಾರ ಸಿಗುವುದು ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್‌ಗಳಲ್ಲಿ. ಅಕ್ಟೋಬರ್ 15ರಂದು ಆತಿಥೇಯ ಫ್ರಾನ್ಸ್ ಎದುರು, 21ರಂದು ಇಂಗ್ಲೆಂಡ್ ಎದುರು ದಕ್ಷಿಣ ಆಫ್ರಿಕಾ ಒಂದೇ 23 ಮಂದಿಯನ್ನು, ಐದು–ಮೂರು ಬೆಂಚಿನೊಂದಿಗೆ ಆಡಿಸಿತು. ಎರಡೂ ಪಂದ್ಯಗಳಲ್ಲಿ ಲಿಬೊಕ್ ಮತ್ತು ರೈನಾಕ್ ಆರಂಭಿಸಿದರು, ಪೋಲಾರ್ಡ್ ಮತ್ತು ಡಿ ಕ್ಲರ್ಕ್ ಬೆಂಚಿನಿಂದ ಬಂದರು. ಫ್ರಾನ್ಸ್ ಎದುರಿನ ಗೆಲುವು 29–28. ಇಂಗ್ಲೆಂಡ್ ಎದುರು ಮಳೆಯಲ್ಲಿ ಆಟ ಕೈತಪ್ಪುತ್ತಿದ್ದಾಗ ನೀನಾಬರ್ 31ನೇ ನಿಮಿಷಕ್ಕೇ ಲಿಬೊಕ್‌ನನ್ನು ಹೊರಗೆ ಕರೆದು ಪೋಲಾರ್ಡ್‌ನನ್ನು ಇಳಿಸಿದರು. ಆಟ ಮುಗಿಯಲು ಮೂರು ನಿಮಿಷ ಇದ್ದಾಗ ಪೋಲಾರ್ಡ್ ಸುಮಾರು 49 ಮೀಟರ್ ದೂರದಿಂದ ಒದ್ದ ಪೆನಾಲ್ಟಿ 16–15ರ ಗೆಲುವು ತಂದಿತು.

ಹಿರಿಯರು: ಸೆಮಿಫೈನಲ್‌ನಲ್ಲಿ ಆಯ್ಕೆ ತಪ್ಪಿತ್ತು. ಅದನ್ನು ಅರ್ಧ ಗಂಟೆಯಲ್ಲಿ ಸರಿಪಡಿಸಲು ಸಾಧ್ಯವಾದದ್ದು ಬೆಂಚಿನಲ್ಲಿ ಇನ್ನೊಬ್ಬ ಫ್ಲೈ ಹಾಫ್ ಇದ್ದುದರಿಂದ. ಶನಿವಾರ ಪೋಲಾರ್ಡ್ ದಿನ ಚೆನ್ನಾಗಿಲ್ಲದಿದ್ದರೆ ಅವನನ್ನು ತೆಗೆದು ಯಾರನ್ನು ಇಳಿಸುತ್ತೀರಿ?

ಯುವಕ: ಡೇಮಿಯನ್ ವಿಲಮ್ಸೆ ಫುಲ್‌ಬ್ಯಾಕ್‌ನಿಂದ ಫ್ಲೈ ಹಾಫ್ ಸ್ಥಾನಕ್ಕೆ ಬರಬಹುದು, ಅವನ ಜಾಗಕ್ಕೆ ವಿಲ್ಲಿ ಬರಬಹುದು. ಆದರೆ ಪೋಲಾರ್ಡ್ ಮೇಲೆ ನಿಮಗೇಕೆ ಅನುಮಾನ? 2019ರ ಫೈನಲ್‌ನಲ್ಲಿ ಅವನೊಬ್ಬನೇ 22 ಅಂಕ ಗಳಿಸಿದ. ಮೀನಖಂಡದ ಗಾಯದಿಂದ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ, ನಡುವೆ ಬಂದು ಸೇರಿಕೊಂಡು ಎರಡು ನಾಕೌಟ್ ಪಂದ್ಯ ಉಳಿಸಿಕೊಟ್ಟ.

ಹಿರಿಯರು: ಪೋಲಾರ್ಡ್ ಮೇಲೆ ಅನುಮಾನವಿಲ್ಲ, ಲಿಬೊಕ್‌ಗೆ ಅನ್ಯಾಯವಾಯಿತು ಎನಿಸುತ್ತದೆ. ಸ್ಕಾಟ್ಲೆಂಡ್ ಎದುರು ಒಂದು ಕಡೆ ನೋಡುತ್ತಾ ಇನ್ನೊಂದು ಕಡೆಗೆ ಒದ್ದು ಕರ್ಟ್-ಲೀ ಅರೆಂಡ್ಸೆಯಿಂದ ಟ್ರೈ ಮಾಡಿಸಿದನಲ್ಲ, ಅಂಥದ್ದು ಪೋಲಾರ್ಡ್‌ಗೆ ಹೊಳೆಯುವುದಿಲ್ಲ. ಲಿಬೊಕ್ ಇದ್ದರೆ ನಮ್ಮ ರೆಕ್ಕೆಗಳಿಗೆ ಗಾಳಿ ಸಿಗುತ್ತದೆ. 31ನೇ ನಿಮಿಷಕ್ಕೆ ಹೊರಗೆ ಕರೆದು, ಮುಂದಿನ ಪಂದ್ಯಕ್ಕೆ ಬೆಂಚಿನಲ್ಲೂ ಜಾಗ ಕೊಡದಿದ್ದರೆ ಆ ಹುಡುಗನ ಮನಸ್ಸು ಏನಾಗಬೇಡ?

ಯುವಕ: ನೀವು ಸ್ಟಾರ್ಮರ್ಸ್ ಅಭಿಮಾನಿ, ಲಿಬೊಕ್ ನಮ್ಮೂರ ತಂಡದವನು. ನನಗೂ ಅವನಿಷ್ಟ. ಆದರೆ ಫೈನಲ್‌ಗಳಲ್ಲಿ ಟ್ರೈ ಕಡಿಮೆ, ಪೆನಾಲ್ಟಿ ಹೆಚ್ಚು. 1995ರಲ್ಲಿ ಇದೇ ಎದುರಾಳಿಯನ್ನು 15–12ರಿಂದ ಗೆದ್ದಾಗ ಎರಡೂ ಕಡೆ ಒಂದು ಟ್ರೈ ಕೂಡ ಬರಲಿಲ್ಲ, ಜೋಯೆಲ್ ಸ್ಟ್ರಾನ್ಸ್ಕಿಯ ಡ್ರಾಪ್ ಗೋಲ್ ಹೆಚ್ಚುವರಿ ಸಮಯದಲ್ಲಿ ಕಪ್ ತಂದಿತು. ಹೊಳೆಯುವ ಆಟಗಾರನಿಗಿಂತ ಒದ್ದರೆ ತಪ್ಪದ ಆಟಗಾರ ಬೇಕಾದ ದಿನ ಇದು.

ಹಿರಿಯರು: ಆ ಮಾತು ಒಪ್ಪುತ್ತೇನೆ. ಪೋಲಾರ್ಡ್ ಆರಂಭಿಸಲಿ. ನನ್ನ ಜಗಳ ಬೆಂಚಿನ ಮೇಲೆ.

ಹೂಕರ್ ಸ್ಥಾನದ ಪ್ರಶ್ನೆ ಇನ್ನೂ ಸೂಕ್ಷ್ಮ. ಸ್ಕ್ರಮ್‌ನ ನಡುವೆ ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆಳೆಯುವವನೂ, ಲೈನ್‌ಔಟ್‌ನಲ್ಲಿ ಗೆರೆಯಾಚೆಯಿಂದ ಚೆಂಡು ಎಸೆಯುವವನೂ ಹೂಕರ್. ದಕ್ಷಿಣ ಆಫ್ರಿಕಾ ವಿಶ್ವಕಪ್‌ಗೆ ಬಂದಾಗ ಮಾಲ್ಕಮ್ ಮಾರ್ಕ್ಸ್ ಮತ್ತು ಬಾಂಗಿ ಎಂಬೊನಾಂಬಿ ಎಂಬ ಇಬ್ಬರು ಪೂರ್ಣಾವಧಿ ಹೂಕರ್‌ಗಳಿದ್ದರು. ಸ್ಕಾಟ್ಲೆಂಡ್ ಪಂದ್ಯದ ನಂತರ ಅಭ್ಯಾಸದಲ್ಲಿ ಮಾರ್ಕ್ಸ್‌ಗೆ ಮೊಣಕಾಲಿನ ಗಾಯವಾಯಿತು. ಪ್ರತಿ ತಂಡಕ್ಕೂ 33 ಮಂದಿಯ ಮಿತಿ ಇದ್ದುದರಿಂದ ಹೋದವನ ಜಾಗಕ್ಕೆ ಒಬ್ಬನನ್ನಷ್ಟೇ ಕರೆಸಬಹುದಿತ್ತು. ಆಯ್ಕೆಗಾರರು ಹೂಕರ್ ಬದಲಿಗೆ ಫ್ಲೈ ಹಾಫ್ ಪೋಲಾರ್ಡ್‌ನನ್ನು ಕರೆಸಿದರು. ಎಂಬೊನಾಂಬಿಗೆ ಬದಲಿಯಾಗಿ ಉಳಿದವನು 37 ವರ್ಷದ ಡಿಯೋನ್ ಫೂರಿ. ಅವನು ವೃತ್ತಿಯ ಆರಂಭದಲ್ಲಿ ಹೂಕರ್, ಆಮೇಲೆ ಸ್ಕ್ರಮ್‌ನ ಹಿಂದಿನ ಸಾಲಿನ ಫ್ಲ್ಯಾಂಕರ್. ದೇಶಕ್ಕಾಗಿ ಮೊದಲ ಟೆಸ್ಟ್ ಆಡಿದ್ದು 2022ರಲ್ಲಿ, 35ನೇ ವಯಸ್ಸಿನಲ್ಲಿ.

ಹಿರಿಯರು: ಏಳು ಫಾರ್ವರ್ಡ್‌ಗಳನ್ನು ಕೂರಿಸಿದ್ದೀರಿ, ಅದರಲ್ಲಿ ನಿಜವಾದ ಹೂಕರ್ ಒಬ್ಬನೂ ಇಲ್ಲ. ಬಾಂಗಿ ಬೇಗ ಗಾಯಗೊಂಡರೆ ಫೂರಿ ಇಡೀ ಪಂದ್ಯ ಆಡಬೇಕು. ಫೂರಿಗೂ ಏನಾದರೂ ಆದರೆ ಸ್ಕ್ರಮ್‌ನಲ್ಲಿ ತಳ್ಳಾಟವೇ ನಿಲ್ಲುತ್ತದೆ, ಬರೀ ಶಾಸ್ತ್ರಕ್ಕೆ ಸ್ಕ್ರಮ್ ನಡೆಯುತ್ತದೆ. ಯಾವ ಬಲಕ್ಕಾಗಿ ಏಳು ಜನರನ್ನು ಆರಿಸಿದ್ದೀರೋ ಆ ಬಲವೇ ಆಟದಿಂದ ಹೊರಗೆ.

ಯುವಕ: ಇದು ನಿಜವಾದ ಅಪಾಯ, ಸುಳ್ಳು ಹೇಳುವುದಿಲ್ಲ. ಆದರೆ ಇದಕ್ಕೂ ಏಳು–ಒಂದಕ್ಕೂ ಸಂಬಂಧವಿಲ್ಲ. ಐದು–ಮೂರು ಬೆಂಚಿನಲ್ಲೂ ಬದಲಿ ಹೂಕರ್ ಫೂರಿಯೇ ಇರುತ್ತಿದ್ದ. ಮಾರ್ಕ್ಸ್ ಹೋದ ದಿನ ಪೋಲಾರ್ಡ್‌ನನ್ನು ಕರೆಸಿದೆವಲ್ಲ, ಅಪಾಯ ತಲೆಮೇಲೆ ಎಳೆದುಕೊಂಡದ್ದು ಆಗ. ಪೋಲಾರ್ಡ್ ಬಂದಿರದಿದ್ದರೆ ನಾವು ಫೈನಲ್‌ಗೆ ಬರುತ್ತಿದ್ದೆವೇ?

ಹಿರಿಯರು: ಬರುತ್ತಿರಲಿಲ್ಲ.

ಯುವಕ: ಅಂದಮೇಲೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಈಗ ದಣಿವಿನ ಲೆಕ್ಕ ನೋಡಿ. ನಾವು ಒಂದೊಂದು ಅಂಕದಿಂದ ಎರಡು ಪಂದ್ಯ ಎಳೆದಾಡಿ ಗೆದ್ದು ಬಂದಿದ್ದೇವೆ. ನ್ಯೂಜಿಲೆಂಡ್ ಶುಕ್ರವಾರವೇ ಅರ್ಜೆಂಟೀನಾವನ್ನು 44–6ರಿಂದ ಸುಲಭವಾಗಿ ಮುಗಿಸಿತು, ನಮಗಿಂತ ಒಂದು ದಿನ ಹೆಚ್ಚು ವಿಶ್ರಾಂತಿ ಪಡೆಯಿತು. ಆರಂಭಿಸುವ ಫಾರ್ವರ್ಡ್‌ಗಳಾದ ಎಟ್ಜಬೆತ್, ಕೊಲಿಸಿ, ವರ್ಮ್ಯೂಲನ್ ಪೂರ್ತಿ 80 ನಿಮಿಷ ಎಳೆಯುತ್ತಾರೆಂದು ನಂಬಿ ಕೂರುವುದು ದಡ್ಡತನ. ಬೆಂಚು ನೋಡಿ: ಸ್ನೇಮನ್, ಕ್ಲೈನ್ ಇಬ್ಬರೂ ಲಾಕ್‌ಗಳು. ಕ್ವಾಗಾ ಸ್ಮಿತ್, ಜಾಸ್ಪರ್ ವೀಸ ಹಿಂದಿನ ಸಾಲಿನವರು. ಆಕ್ಸ್ ಎನ್‌ಚೆ, ಟ್ರೆವರ್ ನ್ಯಾಕಾನೆ ಪ್ರಾಪ್‌ಗಳು. ಸೆಮಿಫೈನಲ್‌ನಲ್ಲಿ ಎನ್‌ಚೆ ಬಂದ ಮೇಲೆ ಇಂಗ್ಲೆಂಡ್ ಸ್ಕ್ರಮ್ ಹೇಗೆ ಕುಸಿಯಿತು, ನೀವೇ ಕಂಡಿರಿ. ಆ ಕೊನೆಯ ಪೆನಾಲ್ಟಿ ಸಿಕ್ಕಿದ್ದೂ ಸ್ಕ್ರಮ್‌ನಿಂದಲೇ.

ಹಿರಿಯರು: ಕಂಡೆ. ಹಾಗೆಯೇ ಫ್ರಾನ್ಸ್ ಎದುರು ಕೋಲ್ಬೆ ಓಡಿಬಂದು ಥಾಮಸ್ ರಾಮೋಸ್ ಒದ್ದ ಕನ್ವರ್ಷನ್ ತಡೆದದ್ದನ್ನೂ ಕಂಡೆ. ಎರಡು ಅಂಕ ಉಳಿಯಿತು, ಗೆದ್ದದ್ದು ಒಂದೇ ಅಂಕದಿಂದ. ಪಂದ್ಯ ಉಳಿಸಿದವನು ಎತ್ತರದ ಲಾಕ್ ಅಲ್ಲ, ಕುಳ್ಳ ವಿಂಗ್ ಆಟಗಾರ. ಇಬ್ಬರು ವಿಂಗ್ ಆಟಗಾರರಲ್ಲಿ ಒಬ್ಬ ಗಾಯಗೊಂಡು, ಅದರ ಹಿಂದೆಯೇ ಇನ್ನೊಬ್ಬ ಬ್ಯಾಕ್ ಗಾಯಗೊಂಡರೆ ಆ ಜಾಗಕ್ಕೆ ಫ್ಲ್ಯಾಂಕರ್ ನಿಲ್ಲಬೇಕಾಗುತ್ತದೆ.

ಯುವಕ: ಅದಕ್ಕೆಂದೇ ಕ್ವಾಗಾ ಇದ್ದಾನೆ. ಅವನು ಏಳು ಜನರ ಸೆವೆನ್ಸ್ ರಗ್ಬಿ ಆಡಿ ಬೆಳೆದವನು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವನು. ಅಗತ್ಯ ಬಿದ್ದರೆ ವಿಂಗ್‌ನಲ್ಲೂ ಓಡಬಲ್ಲ. ಏಳು–ಒಂದು ಎಲ್ಲ ದೇಶಗಳಿಗೂ ಆಗುವ ಮಾತಲ್ಲ. ಎರಡು ಮೂರು ಸ್ಥಾನಗಳಲ್ಲಿ ಆಡಬಲ್ಲ ವಿಲಮ್ಸೆ, ಕೋಲ್ಬೆ, ಕ್ವಾಗಾ ಇರುವುದರಿಂದ ನಮಗದು ಸಾಧ್ಯವಾಗಿದೆ.

ಏಳು–ಒಂದನ್ನು ವಿರೋಧಿಸಿದವರೆಲ್ಲ ಗಾಯದ ಲೆಕ್ಕಾಚಾರಕ್ಕೆ ನಿಲ್ಲಲಿಲ್ಲ. ಇದು ಆಟದ ಧರ್ಮಕ್ಕೆ ಸಲ್ಲುವುದೇ ಎಂಬ ಪ್ರಶ್ನೆಯನ್ನೂ ಹಲವರು ಎತ್ತಿದರು. ಸ್ಕಾಟ್ಲೆಂಡ್ ತಂಡದ ಮಾಜಿ ತರಬೇತುದಾರ ಮ್ಯಾಟ್ ವಿಲಿಯಮ್ಸ್ ಇದನ್ನು ಬಹಿರಂಗವಾಗಿ ಟೀಕಿಸಿದವರಲ್ಲಿ ಒಬ್ಬರು. ದಣಿದ ಆಟಗಾರರ ಮೇಲೆ ಏಳು ಮಂದಿ ತಾಜಾ, ಭಾರದ ಫಾರ್ವರ್ಡ್‌ಗಳನ್ನು ಒಮ್ಮೆಲೇ ಬಿಡುವುದು ಅಪಾಯಕಾರಿ ಎಂಬುದು ಇಂಥ ಟೀಕೆಯ ತಿರುಳು.

ಹಿರಿಯರು: ಬದಲಿ ಆಟಗಾರನನ್ನು ನಿಯಮ ಒಪ್ಪಿದ್ದು ಗಾಯಾಳುವಿಗಾಗಿ. ಒಂದು ಗಂಟೆ ಆಡಿ ಬಸವಳಿದವನ ಎದುರು ಎರಡು ಮೀಟರ್ ದಾಟಿದ ಸ್ನೇಮನ್‌ನಂಥವನು ಹೊಸ ಉಸಿರಿನೊಂದಿಗೆ ನುಗ್ಗಿದರೆ ಅದು ಸರಿಸಮದ ಆಟವೇ? ದಣಿವು ಬಂದಾಗ ಮೈದಾನದಲ್ಲಿ ಜಾಗ ತೆರೆಯಬೇಕು, ಚುರುಕು ಕಾಲಿನವರಿಗೆ ಅವಕಾಶ ಸಿಗಬೇಕು. ಅರ್ಧ ತಂಡವನ್ನೇ ಹೊಸದಾಗಿ ಇಳಿಸಿದರೆ ಆ ಜಾಗ ತೆರೆಯುವುದೇ ಇಲ್ಲ.

ಯುವಕ: ನಿಯಮ ಎಲ್ಲರಿಗೂ ಒಂದೇ. ನ್ಯೂಜಿಲೆಂಡ್‌ನವರು ಏಳು ಜನರನ್ನು ಕೂರಿಸಬೇಡಿ ಎಂದು ಯಾರೂ ತಡೆದಿಲ್ಲ. ನಾವು ಏಳು ಜನರ ಲಾಭ ಪಡೆಯುವುದಕ್ಕೆ ಡಿ ಕ್ಲರ್ಕ್ ಗಾಯದ ಭಯವನ್ನು ಬಡ್ಡಿಯಾಗಿ ಕಟ್ಟುತ್ತಿದ್ದೇವೆ. ಬಿಟ್ಟಿಯಾಗಿ ಸಿಕ್ಕಿದ್ದರೆ ಅನ್ಯಾಯ ಎನ್ನಬಹುದಿತ್ತು.

ಹಿರಿಯರು: ನಿಯಮದಲ್ಲಿ ಇದೆ ಎಂದ ಮಾತ್ರಕ್ಕೆ ಒಳ್ಳೆಯದು ಎನ್ನಬೇಕಾಗಿಲ್ಲ. ಆಟಗಾರರ ಸುರಕ್ಷತೆಗೆ ಧಕ್ಕೆ ಎಂದು ಕಂಡರೆ ನಿಯಮವನ್ನೇ ಬದಲಿಸಲಿ.

ಯುವಕ: ಬದಲಿಸಲಿ, ಆದರೆ ಫೈನಲ್ ಮುಗಿದ ಮೇಲೆ. ಅಲ್ಲಿಯವರೆಗೆ ತರಬೇತುದಾರ ಇರುವ ನಿಯಮಕ್ಕೆ ತಕ್ಕಂತೆ ಆಡಬೇಕು.

ಯಾರನ್ನು ಆರಿಸಬೇಕು ಎಂಬುದಕ್ಕೆ ಮೊದಲು ಯಾರನ್ನು ಆರಿಸಬಹುದು ಎಂಬ ಪ್ರಶ್ನೆ ಇದೆ. ನ್ಯೂಜಿಲೆಂಡ್ ತನ್ನ ನೆಲದಲ್ಲಿ ಒಪ್ಪಂದವಿರುವ ಆಟಗಾರರನ್ನು ಮಾತ್ರ ಆಲ್ ಬ್ಲ್ಯಾಕ್ಸ್‌ಗೆ ಆರಿಸುವ ನೀತಿ ಇಟ್ಟುಕೊಂಡಿದೆ. ಹೊರದೇಶಕ್ಕೆ ಹೋದವನು ಎಷ್ಟೇ ದೊಡ್ಡವನಾದರೂ ತಂಡದಿಂದ ದೂರ. ದಕ್ಷಿಣ ಆಫ್ರಿಕಾ ಸಹ ಕೆಲವು ಕಾಲ ವಿದೇಶಿ ಕ್ಲಬ್‌ಗಳಲ್ಲಿರುವವರಿಗೆ 30 ಟೆಸ್ಟ್‌ಗಳ ಅನುಭವದ ಷರತ್ತು ಹಾಕಿತ್ತು, 2019ರ ವಿಶ್ವಕಪ್‌ಗೆ ಮುನ್ನ ಅದನ್ನು ತೆಗೆದುಹಾಕಿತು. ಹೀಗಾಗಿ 2023ರ ಫೈನಲ್ ತಂಡದಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದ ಪೋಲಾರ್ಡ್, ಜಪಾನಿನಲ್ಲಿದ್ದ ಡಿ ಕ್ಲರ್ಕ್, ಐರ್ಲೆಂಡಿನ ಮನ್‌ಸ್ಟರ್‌ನಲ್ಲಿದ್ದ ಸ್ನೇಮನ್ ಮತ್ತು ಕ್ಲೈನ್ ಎಲ್ಲರಿಗೂ ಜಾಗವಿತ್ತು.

ಹಿರಿಯರು: ಕ್ಲೈನ್ ವಿಷಯ ನನಗೆ ಒಗಟು. 2019ರ ವಿಶ್ವಕಪ್‌ನಲ್ಲಿ ಅವನು ಐರ್ಲೆಂಡಿನ ಹಸಿರು ತೊಟ್ಟಿದ್ದ. ಈಗ ನಮ್ಮ ಹಸಿರು. ನಾಲ್ಕು ವರ್ಷದಲ್ಲಿ ದೇಶ ಬದಲಾಗುತ್ತದೆಯೇ?

ಯುವಕ: ಹುಟ್ಟಿದ್ದು ಇಲ್ಲೇ ಅಂಕಲ್. 2022ರ ಜನವರಿಯಿಂದ ಜಾರಿಗೆ ಬಂದ ನಿಯಮದ ಪ್ರಕಾರ ಒಂದು ದೇಶಕ್ಕೆ ಆಡಿದವನು ಮೂರು ವರ್ಷ ಅಂತಾರಾಷ್ಟ್ರೀಯ ಆಟದಿಂದ ದೂರವಿದ್ದರೆ, ತಾನೋ ತಂದೆತಾಯಿಯೋ ಅಜ್ಜ ಅಜ್ಜಿಯೋ ಹುಟ್ಟಿದ ದೇಶಕ್ಕೆ ಒಂದು ಸಲ ಬದಲಾಯಿಸಿಕೊಳ್ಳಬಹುದು. ಈ ನಿಯಮದಿಂದ ಹೆಚ್ಚು ಉಪಕಾರವಾದದ್ದು ಸಮೋವಾ, ಟೊಂಗಾಗಳಿಗೆ. ನಮಗೊಬ್ಬ ಲಾಕ್ ಸಿಕ್ಕಿದ.

ಹಿರಿಯರು: ನ್ಯೂಜಿಲೆಂಡ್‌ನವರ ನೀತಿಯೇ ನನಗೆ ಮೆಚ್ಚು. ದೇಶಕ್ಕೆ ಆಡಬೇಕೆಂದಿದ್ದರೆ ದೇಶದಲ್ಲಿರಬೇಕು. ಎಲ್ಲರೂ ಹೊರಗೆ ಹೋದರೆ ನಮ್ಮ ಮೈದಾನಗಳಿಗೆ ಜನ ಏಕೆ ಬರುತ್ತಾರೆ?

ಯುವಕ: ರ‍್ಯಾಂಡ್‌ನಲ್ಲಿ ಸಂಬಳ ಕೊಡುವವರು ಪೌಂಡ್, ಯೆನ್ ಎದುರು ನಿಲ್ಲಲಾರರು. ಹೋಗುವವರನ್ನು ತಡೆಯಲಾಗದಿದ್ದರೆ, ಹೋದವರನ್ನು ಕಳೆದುಕೊಳ್ಳದಿರುವುದೇ ಜಾಣತನ. ಆ 30 ಟೆಸ್ಟ್‌ಗಳ ಷರತ್ತು ಇನ್ನೂ ಇದ್ದಿದ್ದರೆ ಕ್ಲೈನ್‌ನಂಥವನು ಪಟ್ಟಿಯ ಹತ್ತಿರವೂ ಬರುತ್ತಿರಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ತಂಡದ ಆಯ್ಕೆ ಬರೀ ಆಟದ ವಿಷಯವಾಗಿ ಉಳಿದ ಕಾಲವಿಲ್ಲ. ವರ್ಣಭೇದದ ದಶಕಗಳಲ್ಲಿ ಸ್ಪ್ರಿಂಗ್‌ಬಾಕ್ ಅಂಗಿ ಬಿಳಿಯರಿಗೆ ಮೀಸಲಾಗಿತ್ತು. 1981ರಲ್ಲಿ ಎರಲ್ ಟೊಬಾಯಸ್ ಟೆಸ್ಟ್ ಆಡಿದ ಮೊದಲ ಬಿಳಿಯೇತರ ಸ್ಪ್ರಿಂಗ್‌ಬಾಕ್ ಆದರು. 1995ರ ಫೈನಲ್ ತಂಡದಲ್ಲಿ ಬಿಳಿಯರಲ್ಲದವರು ಚೆಸ್ಟರ್ ವಿಲಿಯಮ್ಸ್ ಒಬ್ಬರೇ. 2018ರಲ್ಲಿ ಸಿಯಾ ಕೊಲಿಸಿ ಟೆಸ್ಟ್ ತಂಡದ ಮೊದಲ ಕಪ್ಪು ನಾಯಕರಾದರು. ತಂಡದಲ್ಲಿ ಕಪ್ಪು ಜನಾಂಗದವರ ಪಾಲು ಹೆಚ್ಚಬೇಕೆಂದು ರಗ್ಬಿ ಸಂಸ್ಥೆ ಗುರಿಗಳನ್ನು ಹಾಕಿಕೊಂಡದ್ದರಿಂದ ಒಬ್ಬ ಆಟಗಾರನನ್ನು ಸೇರಿಸಿದಾಗಲೂ ಬಿಟ್ಟಾಗಲೂ ಬಣ್ಣದ ಮಾತು ಏಳುತ್ತಿತ್ತು. ಕೇಪ್ ಪ್ರದೇಶದಲ್ಲಿ ಇದರ ನೆನಪು ಆಳ. ಸ್ಪ್ರಿಂಗ್‌ಬಾಕ್‌ಗಳನ್ನು ತಮ್ಮ ತಂಡವೆಂದು ಒಪ್ಪದ ಇಲ್ಲಿನ ಬಹಳಷ್ಟು ಬಿಳಿಯೇತರರು ನ್ಯೂಜಿಲೆಂಡ್‌ಗೆ ಬೆಂಬಲ ಕೊಡುತ್ತಿದ್ದರು. ವರ್ಣಭೇದ ಮುಗಿದ ಮೇಲೂ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಆ ಬೆಂಬಲ ವರ್ಷಗಟ್ಟಲೆ ಮುಂದುವರಿಯಿತು.

ಹಿರಿಯರು: ನಮ್ಮ ಬೀದಿಯಲ್ಲಿ ಆಗ ಆಲ್ ಬ್ಲ್ಯಾಕ್ಸ್ ಗೆದ್ದರೆ ಹಬ್ಬ. ಈ ಅಂಗಿಯೊಳಗೆ ನಮ್ಮವರು ಯಾರೂ ಇರಲಿಲ್ಲ, ಇರಲು ಬಿಡುತ್ತಿರಲಿಲ್ಲ. ಹಾಗಾಗಿ ಪಟ್ಟಿ ಬಂದ ಕೂಡಲೇ ನಾನು ಮೊದಲು ನೋಡುವುದು ಯಾರನ್ನು ಬಿಟ್ಟರು ಎಂದು. ಲಿಬೊಕ್ ಹೆಸರು ಕಾಣದಿದ್ದಾಗ ಹಳೆಯ ಸಿಟ್ಟು ಒಂದು ಕ್ಷಣ ಎದ್ದಿತು.

ಯುವಕ: ರೈನಾಕ್ ಹೆಸರೂ ಇಲ್ಲ ಅಂಕಲ್. ಇಬ್ಬರನ್ನೂ ಬಿಟ್ಟದ್ದು ಒಂದೇ ಕಾರಣಕ್ಕೆ, ಏಳು ಫಾರ್ವರ್ಡ್‌ಗಳಿಗೆ ಜಾಗ ಮಾಡಲು. ಇನ್ನೊಂದು ಕಡೆ ಕೊಲಿಸಿ ನಾಯಕ. ಎಂಬೊನಾಂಬಿ, ಕೋಲ್ಬೆ, ಅರೆಂಡ್ಸೆ, ವಿಲಮ್ಸೆ ಮೊದಲ ಹದಿನೈದರಲ್ಲಿದ್ದಾರೆ. ಅವರನ್ನು ಯಾರೂ ಲೆಕ್ಕ ತುಂಬಿಸಲು ಬಂದವರು ಎನ್ನಲಾರರು.

ಹಿರಿಯರು: ಅದು ಸರಿ. ಆಯ್ಕೆಯನ್ನು ಆಟದ ಕಾರಣಕ್ಕೆ ಮಾತ್ರ ಬೈಯುವ ಕಾಲ ಬಂದಿದೆಯಲ್ಲ, ಅದೇ ನಮಗೆ ಹೊಸದು. ಆಟದ ಕಾರಣಕ್ಕೇ ಹೇಳುತ್ತೇನೆ: ನಾನಾದರೆ ಆರು–ಎರಡು ಇಡುತ್ತಿದ್ದೆ. ವೀಸನನ್ನು ಬಿಟ್ಟು ರೈನಾಕ್‌ನನ್ನು ಕೂರಿಸುತ್ತಿದ್ದೆ. ಐದು ಫಾರ್ವರ್ಡ್‌ಗಳಿಗೂ ಏಳಕ್ಕೂ ನಡುವೆ ದಾರಿ ಇದೆ, 2019ರಲ್ಲಿ ಗೆಲ್ಲಿಸಿದ್ದೂ ಅದೇ.

ಯುವಕ: ಆರು–ಎರಡು ಎಂದರೆ ನನಗೂ ತಕರಾರಿಲ್ಲ. ಆದರೆ ನೀನಾಬರ್‌ಗೆ ಈ ಎಂಟು ಜನರ ಮೈಮನಸ್ಸು ದಿನವೂ ಕಾಣುತ್ತದೆ, ನಮಗೆ ಕಾಣುವುದು ಪಟ್ಟಿ ಮಾತ್ರ. ಅವರು ಹಾಕಿದ ಲೆಕ್ಕ ನನಗೆ ಅರ್ಥವಾಗುತ್ತದೆ. ಸೋತರೂ ತಪ್ಪು ಲೆಕ್ಕ ಎನ್ನಲಾರೆ.

ಹಿರಿಯರು: ಗೆದ್ದರೂ ಸರಿ ಲೆಕ್ಕ ಎಂದು ನಾನು ಹೇಳುವುದಿಲ್ಲ.

ಶನಿವಾರದ ಪಂದ್ಯ ಇಬ್ಬರ ಮಾತಿಗೂ ಪುರಾವೆ ಕೊಟ್ಟಿತು. ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಎಂಬೊನಾಂಬಿ ಮೊಣಕಾಲಿನ ಗಾಯದಿಂದ ಹೊರನಡೆದರು. ಹಿರಿಯರು ಹೆದರಿದಂತೆಯೇ ಡಿಯೋನ್ ಫೂರಿ ಉಳಿದ ಆಟವನ್ನೆಲ್ಲ ಆಡಬೇಕಾಯಿತು, ದಕ್ಷಿಣ ಆಫ್ರಿಕಾದ ಲೈನ್‌ಔಟ್ ಪದೇ ಪದೇ ತಡವರಿಸಿತು. ಡಿ ಕ್ಲರ್ಕ್‌ಗೆ ಏನೂ ಆಗಲಿಲ್ಲ, ಅವರು ಕೊನೆಯವರೆಗೆ ಆಡಿದರು. ಪೋಲಾರ್ಡ್ ಮೊದಲಾರ್ಧದಲ್ಲಿ ನಾಲ್ಕು ಪೆನಾಲ್ಟಿ ಒದ್ದು ನಾಲ್ಕನ್ನೂ ಅಂಕವಾಗಿಸಿದರು, ತಂಡದ 12 ಅಂಕಗಳೂ ಅವರವೇ. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಮೊದಲಾರ್ಧದಲ್ಲೇ ಕೆಂಪು ಕಾರ್ಡ್ ಪಡೆದರು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಇದು ಮೊದಲನೆಯದು. ದ್ವಿತೀಯಾರ್ಧದಲ್ಲಿ ಬಾಂಬ್ ಸ್ಕ್ವಾಡ್ ಇಳಿದರೂ ದಕ್ಷಿಣ ಆಫ್ರಿಕಾ ಒಂದು ಅಂಕವನ್ನೂ ಗಳಿಸಲಿಲ್ಲ. ಹದಿನಾಲ್ಕು ಮಂದಿಯ ನ್ಯೂಜಿಲೆಂಡ್ ಪರ ಬೌಡನ್ ಬ್ಯಾರೆಟ್ 58ನೇ ನಿಮಿಷದಲ್ಲಿ ಟ್ರೈ ಹಾಕಿದರು. ರಿಚಿ ಮೊವುಂಗಾ ಅದರ ಕನ್ವರ್ಷನ್ ತಪ್ಪಿಸಿದರು, 73ನೇ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್ ದೂರದ ಪೆನಾಲ್ಟಿ ತಪ್ಪಿಸಿದರು. ಕೊನೆಯ ನಿಮಿಷಗಳನ್ನು ತಾಜಾ ಫಾರ್ವರ್ಡ್‌ಗಳು ತಡೆದು ನಿಂತರು. 12–11ರಿಂದ ದಕ್ಷಿಣ ಆಫ್ರಿಕಾ ನಾಲ್ಕನೇ ಕಪ್ ಗೆದ್ದಿತು. ಮೂರು ನಾಕೌಟ್ ಪಂದ್ಯಗಳನ್ನೂ ಅದು ಗೆದ್ದದ್ದು ಒಂದೊಂದೇ ಅಂಕದಿಂದ.

ಆ ಬಳಿಕ ಬೇರೆ ತಂಡಗಳೂ ಈ ಹಾದಿ ಹಿಡಿದವು. 2025ರ ಮಾರ್ಚ್ 8ರಂದು ಡಬ್ಲಿನ್‌ನಲ್ಲಿ ಏಳು–ಒಂದು ಬೆಂಚಿನೊಂದಿಗೆ ಇಳಿದ ಫ್ರಾನ್ಸ್, ಮೊದಲಾರ್ಧದಲ್ಲೇ ತನ್ನ ನಾಯಕನೂ ಸ್ಕ್ರಮ್ ಹಾಫೂ ಆದ ಆಂತ್ವಾನ್ ದ್ಯುಪೋನನ್ನು ಮೊಣಕಾಲಿನ ಗಾಯಕ್ಕೆ ಕಳೆದುಕೊಂಡಿತು. ಬೆಂಚಿನಲ್ಲಿದ್ದ ಒಬ್ಬನೇ ಬ್ಯಾಕ್ ಮಾಕ್ಸಿಮ್ ಲ್ಯುಕು ಸ್ಕ್ರಮ್ ಹಾಫ್ ಆಗಿದ್ದುದರಿಂದ ಜಾಗ ತುಂಬಿತು. ಫ್ರಾನ್ಸ್ 42–27ರಿಂದ ಐರ್ಲೆಂಡನ್ನು ಮಣಿಸಿತು. ಒಬ್ಬನೇ ಬ್ಯಾಕ್ ಇರುವ ಬೆಂಚಿನಲ್ಲಿ ಆ ಒಬ್ಬ ಯಾರು ಎಂಬುದು ಏಳು ಫಾರ್ವರ್ಡ್‌ಗಳಷ್ಟೇ ಮುಖ್ಯ ಎಂದು ಈ ಪಂದ್ಯ ತೋರಿಸಿತು.

2023ರ ಫೈನಲ್‌ನಲ್ಲಿ ಮೊವುಂಗಾ ಒದ್ದ ಆ ಒಂದು ಕನ್ವರ್ಷನ್ ಕಂಬದ ಒಳಗೆ ಹೋಗಿದ್ದರೆ ನ್ಯೂಜಿಲೆಂಡ್ 13–12ರಿಂದ ಮುಂದಿರುತ್ತಿತ್ತು, ನೀನಾಬರ್ ಆಯ್ಕೆಯನ್ನು ಹುಂಬತನವೆಂದು ಕರೆಯಲಾಗುತ್ತಿತ್ತು. ಆಯ್ಕೆ ಮಾತ್ರ ಎರಡೂ ಸಂದರ್ಭಗಳಲ್ಲಿ ಒಂದೇ. ತಂಡದ ಆಯ್ಕೆ ಎಂದರೆ ಉತ್ತಮ 23 ಮಂದಿಯನ್ನು ಸಾಲಾಗಿ ಬರೆಯುವುದಷ್ಟೇ ಅಲ್ಲ. ಯಾವ ಅಪಾಯವನ್ನು ಹೊರುವುದು, ಯಾವುದನ್ನು ತಪ್ಪಿಸುವುದು ಎಂಬುದನ್ನು ಮುಂಚಿತವಾಗಿ ತೀರ್ಮಾನಿಸುವುದು. ಅಂಥ ತೀರ್ಮಾನವನ್ನು ತೂಗಬೇಕಾದದ್ದು ಪಂದ್ಯಕ್ಕೆ ಮುನ್ನ ಗೊತ್ತಿದ್ದ ಕಾರಣಗಳಿಂದ. ಒಂದು ಅಂಕದ ಗೆಲುವು ಕಪ್ ಯಾರದ್ದು ಎಂದು ಹೇಳುತ್ತದೆ, ವಾದದಲ್ಲಿ ಯಾರು ಸರಿ ಎಂದು ಹೇಳುವುದಿಲ್ಲ.